ತೆಪ್ಪದಲ್ಲಿ ಬಂದವಳಲ್ಲ

ರುಷ್ನಾ ಬೇಗಂ ಲಂಡನ್ನಿಗೆ ಬಂದದ್ದು ವಿಮಾನದಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಹತ್ತಿರ ಹತ್ತಿರ ಎರಡು ವರ್ಷ, ಪ್ರತಿ ಶನಿವಾರ ಮಧ್ಯಾಹ್ನ, ಅವರದೇ ಹೋಟೆಲಿನಲ್ಲಿ, ಅವರದೇ ಮೇಜುಗಳ ನಡುವೆ ನಿಂತು ಒಬ್ಬ ಮನುಷ್ಯ ಅವರು ತೆಪ್ಪದ ಮೇಲೆ ಊರು ಬಿಟ್ಟವರು ಎಂದು ಹನ್ನೆರಡು ಜನಕ್ಕೆ ಹೇಳುತ್ತಿದ್ದ. ಅವನ ಪಕ್ಕದಲ್ಲೇ ನಿಂತು ಹಪ್ಪಳ ಹಂಚುತ್ತಿದ್ದವನು ನಾನು.

ನನ್ನ ಹೆಸರು ಮಕದ್ದಸ್. ವೈಟ್‌ಚಾಪೆಲ್ ರಸ್ತೆಯಿಂದ ಎರಡು ತಿರುವು ಒಳಗಿರುವ 'ಹಾಕಲುಕಿ' ಹೋಟೆಲಿನಲ್ಲಿ ಇಪ್ಪತ್ತೇಳು ವರ್ಷದಿಂದ ಸಪ್ಲೈಯರ್. ಹಾಕಲುಕಿ ನಮ್ಮ ಸಿಲೆಟ್ ಸೀಮೆಯ ಒಂದು ದೊಡ್ಡ ಕೆರೆ; ಮಳೆಗಾಲದಲ್ಲಿ ಸಮುದ್ರದ ಹಾಗೆ ಹರಡಿಕೊಳ್ಳುತ್ತದೆ, ಬೇಸಿಗೆಯಲ್ಲಿ ಅದರೊಳಗೆ ದನ ಮೇಯುತ್ತವೆ. ಬೋರ್ಡಿನಲ್ಲಿ ಆ ಹೆಸರಿನ ಕೆಳಗೆ 'ಇಂಡಿಯನ್ ಊಟ' ಎಂದು ಬರೆದಿತ್ತು. ನಾವು ಬಾಂಗ್ಲಾದೇಶದವರು. ಆದರೆ 'ಇಂಡಿಯನ್' ಎಂದು ಬರೆಯದಿದ್ದರೆ ಈ ಊರಿನವರು ಹೊಸಿಲು ದಾಟುವುದಿಲ್ಲ ಎಂದು ನಮ್ಮ ಹಿರಿಯರು ಯಾವ ಕಾಲದಲ್ಲೋ ತೀರ್ಮಾನಿಸಿದ್ದರು. ಯಾರೂ ಅದನ್ನು ಮತ್ತೆ ಕೆದಕಿರಲಿಲ್ಲ.

ಯಜಮಾನಿಯೂ ರುಷ್ನಾ ಅವರೇ, ಒಲೆಯ ಮುಂದೆ ನಿಲ್ಲುವವರೂ ಅವರೇ. ನಮಗೆಲ್ಲ ಅವರು ಆಫಾ, ಅಂದರೆ ಅಕ್ಕ. ಅರವತ್ತಕ್ಕೆ ಒಂದು ವರ್ಷ ಕಡಿಮೆ. ಅವರು ಮಾಡುವ ಹಾತ್ಕರಾ ಮೀನಿನ ಸಾರನ್ನು ಒಮ್ಮೆ ಉಂಡವರು ಇನ್ನೊಂದು ಸಲ ಬರದೆ ಇದ್ದದ್ದನ್ನು ನಾನು ಕಂಡಿಲ್ಲ. ಹಾತ್ಕರಾ ಎಂದರೆ ಒರಟು ಸಿಪ್ಪೆಯ, ಹೇರಳೆಕಾಯಿಯ ಜಾತಿಯ ಹಣ್ಣು. ಅದರ ಸಿಪ್ಪೆಯನ್ನು ಯಾವ ಕ್ಷಣದಲ್ಲಿ ಸಾರಿಗೆ ಹಾಕಬೇಕು ಎನ್ನುವುದರಲ್ಲೇ ಎಲ್ಲ ಇದೆ. ಒಂದು ನಿಮಿಷ ಮುಂಚೆ ಹಾಕಿದರೆ ಕಹಿ, ತಡವಾದರೆ ಘಮವಿಲ್ಲ.

ಆ ಮನುಷ್ಯನ ಹೆಸರು ಕ್ರಿಸ್ಪಿನ್. ನಲವತ್ತರ ಆಸುಪಾಸು, ಉದ್ದನೆ ಆಳು, ಕತ್ತಿಗೆ ಯಾವಾಗಲೂ ಒಂದು ರಾಜಸ್ಥಾನಿ ಬಟ್ಟೆ. 'ಲಂಡನ್ನಿನ ಅತ್ಯುತ್ತಮ ಇಂಡಿಯನ್ ಹೋಟೆಲುಗಳನ್ನು ನಿಮಗೆ ಹುಡುಕಿಕೊಡುತ್ತೇನೆ' ಎಂದು ಪ್ರವಾಸಿಗರನ್ನು ಒಟ್ಟುಮಾಡಿ, ಒಂದೊಂದು ಕಡೆ ಎರಡೆರಡು ತುತ್ತು ತಿನ್ನಿಸುತ್ತಾ ನಡೆಸಿಕೊಂಡು ಹೋಗುವುದು ಅವನ ಕಸುಬು. ನಾವು ಸಪ್ಲೈಯರುಗಳು ಅವನ ಬೆನ್ನ ಹಿಂದೆ ಅವನನ್ನು 'ಹಪ್ಪಳ' ಎನ್ನುತ್ತಿದ್ದೆವು. ಇಂಗ್ಲಿಷಿನಲ್ಲಿ 'ಕ್ರಿಸ್ಪ್' ಎಂದರೆ ಗರಿಗರಿ; ಹೆಸರೂ ಹಾಗೇ ಇತ್ತು, ಶಬ್ದವೂ ಹಾಗೇ ಇತ್ತು.

ಮೊದಲ ಶನಿವಾರವೇ ಅವನು ಅಡುಗೆಮನೆಗೆ ತಲೆ ಹಾಕಿ, "ಆಂಟಿಜಿ, ನಿಮ್ಮ ಮಸಾಲೆ ಡಬ್ಬಿ ಒಂದೈದು ನಿಮಿಷ ಕೊಡ್ತೀರಾ?" ಎಂದ. ಹೆಸರಿಗೆ 'ಜಿ' ಹಚ್ಚುವುದು ನಮ್ಮ ಕಡೆಯ ಪದ್ಧತಿಯೇ ಅಲ್ಲ. ಆದರೂ ಆಫಾ ಡಬ್ಬಿ ಕೊಟ್ಟರು. ಅವನು ಅದನ್ನು ಎರಡು ಕೈಯಲ್ಲೂ ಎತ್ತಿ ಹಿಡಿದು, ದನಿ ತಗ್ಗಿಸಿ ಶುರುಮಾಡಿದ: "ಈ ಹೆಂಗಸು ಹುಟ್ಟಿದ ಹಳ್ಳಿಗೆ ಕರೆಂಟೇ ಇರಲಿಲ್ಲ. ಒಂದು ರಾತ್ರಿ ಪ್ರವಾಹ ಬಂತು. ಮನೆ ಹೋಯ್ತು, ದನ ಹೋಯ್ತು. ಈ ಹುಡುಗಿ ಬಾಳೆದಿಂಡಿನ ತೆಪ್ಪದ ಮೇಲೆ ಪಾರಾಗಿ ಬಂದಳು. ಕೈಯಲ್ಲಿದ್ದದ್ದು ಇದೊಂದೇ, ಅಜ್ಜಿಯ ಡಬ್ಬಿ. ಆ ಅಜ್ಜಿ ನವಾಬರ ಮನೆಯಲ್ಲಿ ಅಡುಗೆ ಮಾಡ್ತಿದ್ದವಳು!"

ಆ ಡಬ್ಬಿಯನ್ನು ವೈಟ್‌ಚಾಪೆಲ್ ಸಂತೆಯಲ್ಲಿ ತಂದವನು ನಾನು. ಮುಚ್ಚಳದ ಅಡಿಯಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು.

ಆದರೂ ನಾನು ಬಾಯಿ ಬಿಡಲಿಲ್ಲ. ಕಾಗಕ್ಕ ಗುಬ್ಬಕ್ಕನ ಕಥೆ, ಇದರಿಂದ ಯಾರಿಗೇನು ನಷ್ಟ ಎಂದುಕೊಂಡೆ. ಶನಿವಾರ ಮಧ್ಯಾಹ್ನ ಖಾಲಿ ಹೊಡೆಯುತ್ತಿದ್ದ ಹೋಟೆಲು ತುಂಬುತ್ತಿತ್ತು. ಅಡುಗೆಮನೆಯಲ್ಲಿ ಹೊಗೆ ಎಳೆಯುವ ಫ್ಯಾನಿನ ಗದ್ದಲದಲ್ಲಿ ಆಫಾಗೆ ಏನೂ ಕೇಳಿಸುತ್ತಿರಲಿಲ್ಲ. ಹೀಗೆ ಎರಡು ವರ್ಷ ಕಳೆಯಿತು.

ಕಳೆದ ಮಾರ್ಚಿನಲ್ಲಿ ಒಂದು ಶನಿವಾರ ಫ್ಯಾನು ಕೆಟ್ಟು ನಿಂತಿತು. ಹೊಗೆ ಹೋಗಲಿ ಎಂದು ಅಡುಗೆಮನೆಯ ಬಾಗಿಲು ತೆರೆದಿಟ್ಟಿದ್ದರು. ಕ್ರಿಸ್ಪಿನ್ ತೆಪ್ಪ ಹತ್ತಿದ, ಇಳಿದ, ನವಾಬರ ಮನೆಗೆ ಹೋಗಿ ಬಂದ. ನಾನು ತಿರುಗಿ ನೋಡಿದರೆ ಆಫಾ ಬಾಗಿಲಲ್ಲಿ ನಿಂತಿದ್ದರು. ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಜನ ಹೋದ ಮೇಲೆ ನನ್ನನ್ನು ಕರೆದರು.

"ಎಷ್ಟು ದಿನದಿಂದ?"

"ಆಫಾ, ಅವನು ಏನೋ ಬಾಯಿಗೆ ಬಂದಂಗೆ..."

"ಎಷ್ಟು ದಿನದಿಂದ ಅಂತ ಕೇಳ್ದೆ."

"ಮೊದಲಿಂದ."

"ಮೊದಲಿಂದ." ಒಲೆ ಆರಿಸಿದರು. "ನಮ್ಮಜ್ಜಿ ಯಾರ ಮನೇಲೂ ಪಾತ್ರೆ ತೊಳ್ದೋಳಲ್ಲ ಮಕದ್ದಸ್. ನಮ್ಮಜ್ಜಿಗೆ ಎಂಟು ದೋಣಿ ಇತ್ತು. ನಿಂಗೆ ಗೊತ್ತಿತ್ತು. ನಿಮ್ಮಪ್ಪ ಆ ದೋಣೀಲೇ ಅಲ್ವಾ ಸಂತೆಗೆ ಹೋಗ್ತಿದ್ದಿದ್ದು?"

ನಾನು ನೆಲಕ್ಕೆ ಬಿದ್ದ ಸಾರು ಒರೆಸತೊಡಗಿದೆ. ಆ ವಾರವೆಲ್ಲ ಅವರು ನನ್ನ ಹತ್ತಿರ ಆಡಿದ್ದು ಮೂರೇ ಮಾತು: ತಗೋ, ಇಡು, ಮೇಜು ಮೂರು.

ಮುಂದಿನ ಶನಿವಾರ ಕ್ರಿಸ್ಪಿನ್ ಡಬ್ಬಿಗೆ ಕೈ ಚಾಚಿದಾಗ ಆಫಾ ಡಬ್ಬಿಯ ಜೊತೆಗೆ ತಾವೂ ಹೊರಗೆ ಬಂದರು. ನಲವತ್ತು ವರ್ಷ ಇಲ್ಲಿದ್ದವರಿಗೆ ಇಂಗ್ಲಿಷ್ ಬರುತ್ತದೆ ಎಂಬ ಯೋಚನೆ ಅವನಿಗೆ ಬಂದೇ ಇರಲಿಲ್ಲವೇನೋ, ಅವರು ಬಾಯಿ ತೆರೆದ ಕೂಡಲೆ ಅವನ ಹುಬ್ಬು ಮೇಲೇರಿತು.

"ನಾನು ತೆಪ್ಪದಲ್ಲಿ ಬಂದವಳಲ್ಲ," ಎಂದರು ಆಫಾ. "ವಿಮಾನದಲ್ಲಿ ಬಂದೆ. ಎಂಬತ್ನಾಲ್ಕನೇ ಇಸವಿ, ಕಿಟಕಿ ಸೀಟು. ನನ್ನ ಗಂಡ ಸುಫಿಯಾನ್ ಟಿಕೆಟ್ ಕಳಿಸಿದ್ರು. ಹದಿನಾಲ್ಕು ವರ್ಷ ಮನೇಲಿ ಕೂತು ಚರ್ಮದ ಜಾಕೆಟ್‌ಗೆ ಒಳಬಟ್ಟೆ ಹೊಲಿದೆ. ನನ್ನ ಮಕ್ಕಳು ಆ ಬಟ್ಟೆ ರಾಶಿ ಮೇಲೇ ಮಲಗಿ ಬೆಳೆದ್ವು. ನಮ್ಮಂಥವರು ಇಲ್ಲಿರಬಾರದು ಅನ್ನೋರು, ಕಾಗದ ಹಾಕೋ ಬಾಗಿಲ ಕಂಡಿಯಿಂದ ಉರಿಯೋ ಚಿಂದಿ ಹಾಕ್ತಿದ್ರು ಆಗ, ಹಾಗಾಗಿ ಬಾಗಿಲ ಹತ್ರ ಯಾವಾಗ್ಲೂ ಒಂದು ಬಕೆಟ್ ನೀರು. ಈ ಹೋಟೆಲ್ ನನ್ನ ಗಂಡಂದು. ಅವರು ಈ ಅಡುಗೆಮನೇಲೇ, ಬಾಗಿಲ ಒಳಗೇ ಬಿದ್ದು ಹೋದ್ರು. ನಾನು ಒಲೆ ಮುಂದೆ ನಿಂತಾಗ, ಹೆಂಗಸಿನ ಕೈಕೆಳಗೆ ಕೆಲಸ ಮಾಡಲ್ಲ ಅಂತ ಇಬ್ಬರು ಅಡುಗೆಯವರು ಏಪ್ರನ್ ಬಿಚ್ಚಿಟ್ಟು ಹೋದ್ರು. ಈ ಮೀನಿನ ಸಾರು ನಮ್ಮಮ್ಮ ಮಾಡ್ತಿದ್ದದ್ದು. ನವಾಬರು ತಿಂದಿಲ್ಲ. ಅವರ ನಸೀಬು. ಈಗ ಊಟ ಮಾಡಿ, ಆರುತ್ತೆ."

ಜನ ಚಪ್ಪಾಳೆ ತಟ್ಟಿದರು. ಒಬ್ಬ ಹೆಂಗಸು ಕಣ್ಣು ಒರೆಸಿಕೊಂಡಳು. ಕ್ರಿಸ್ಪಿನ್ ನಾಚಿ ನೆಲ ನೋಡುತ್ತಾನೆ ಎಂದುಕೊಂಡಿದ್ದೆ. ಅವನು ಎರಡೂ ಕೈ ಎದೆಗೆ ಒತ್ತಿಕೊಂಡು, "ಆಂಟಿಜಿ! ಇದು ಇನ್ನೂ ಚೆನ್ನಾಗಿದೆ!" ಎಂದ.

ಅದರ ಅರ್ಥ ನಮಗೆ ಆಗಿದ್ದು ಒಂದು ವಾರದ ಮೇಲೆ.

ಮತ್ತೆ ಶನಿವಾರ ಬಂತು. ಅವನು ಈ ಸಲ ಡಬ್ಬಿ ಕೇಳಲಿಲ್ಲ. ಮೇಜುಗಳ ನಡುವೆ ನಿಂತು ಶುರುಮಾಡಿದ: ವಿಮಾನ, ಕಿಟಕಿ ಸೀಟು, ಜಾಕೆಟ್, ಬಟ್ಟೆ ರಾಶಿಯ ಮೇಲೆ ಮಲಗಿದ ಮಕ್ಕಳು. ಒಂದು ಮಾತೂ ಬಿಟ್ಟಿರಲಿಲ್ಲ. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಿದ್ದ, ಎಲ್ಲಿ ಗಂಟಲು ಕಟ್ಟಬೇಕೋ ಅಲ್ಲಿ ಕಟ್ಟಿಸಿಕೊಳ್ಳುತ್ತಿದ್ದ. ಬಕೆಟ್ ನೀರಿನ ಮಾತು ಬಂದಾಗ ನಮ್ಮ ನೀರಿನ ಜಗ್ಗನ್ನೇ ಎತ್ತಿ ತೋರಿಸಿದ. ಕೊನೆಗೆ, "ಬನ್ನಿ, ಸದ್ದು ಮಾಡಬೇಡಿ," ಎಂದು ಆ ಹನ್ನೆರಡು ಜನರನ್ನೂ ಅಡುಗೆಮನೆಯ ಬಾಗಿಲಿಗೆ ಕರೆದುಕೊಂಡು ಹೋಗಿ ನೆಲದ ಕಡೆ ಬೆರಳು ತೋರಿಸಿದ. "ಇಲ್ಲೇ. ಈ ಹಾಸುಗಲ್ಲಿನ ಮೇಲೇ ಅವರ ಗಂಡ ಕೊನೆಯುಸಿರು ಎಳೆದದ್ದು."

ಇಬ್ಬರು ಫೋನು ಎತ್ತಿ ನೆಲದ ಫೋಟೋ ತೆಗೆದರು.

ಆಫಾ ಮೀನು ತೊಳೆಯುತ್ತಿದ್ದರು. ಒದ್ದೆ ಕೈಯಲ್ಲೇ ಬಂದು, ಆ ಜಾಗಕ್ಕೂ ಜನಕ್ಕೂ ನಡುವೆ ನಿಂತರು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು ಎನಿಸುವಷ್ಟು ಮೆಲ್ಲಗೆ ಮಾತಾಡಿದರು.

"ಹೊರಗೆ."

"ಆಂಟಿಜಿ, ನಾನು ಗೌರವದಿಂದಲೇ—"

"ನಿನ್ನ ಗೌರವ ನಿನ್ನ ಜೇಬಲ್ಲಿ ಇಟ್ಕೋ. ನಮ್ಮನೆಯವರು ಸತ್ತ ಜಾಗ ಇದು. ನಾನೇ ಇದರ ಮೇಲೆ ಕಾಲಿಡದೆ ಸುತ್ತು ಹಾಕಿ ಓಡಾಡ್ತೀನಿ. ನೀನು ಟಿಕೆಟ್ ಹರಿದು ತೋರಿಸ್ತೀಯಾ? ನಡಿ ಇಲ್ಲಿಂದ."

"ಆದರೆ ನೀವೇ ಹೇಳಿದ್ದಲ್ವಾ? ಇದು ನಿಜ ತಾನೇ?"

"ನಿಜ. ಅದಕ್ಕೇ ನನ್ನದು."

ಗಂಡ ಹೋದ ಮೇಲಿನ ಈ ಇಪ್ಪತ್ತೊಂದು ವರ್ಷ ಅವರು ಆ ಜಾಗವನ್ನು ಸುತ್ತು ಹಾಕಿ ನಡೆಯುತ್ತಿದ್ದರು ಎಂಬುದು ನನಗೆ ಗೊತ್ತೇ ಇರಲಿಲ್ಲ. ದಿನಕ್ಕೆ ನೂರು ಸಲ ಆ ಅಡುಗೆಮನೆಗೆ ಹೋಗಿ ಬರುವವನು ನಾನು. ಕ್ರಿಸ್ಪಿನ್ನನ ಕೊರಳಿಗೆ ಸುತ್ತಿದ ಬಟ್ಟೆಯನ್ನು ಹಿಡಿದು ಬೀದಿಗೆ ಎಳೆಯಬೇಕು ಎನಿಸಿತು. ಐವತ್ತೈದು ವರ್ಷದ ಸಪ್ಲೈಯರ್ ಏನು ಮಾಡಿಯಾನು! ಬಾಗಿಲು ಹಿಡಿದು ನಿಂತೆ. ಅವರೆಲ್ಲ ಒಬ್ಬೊಬ್ಬರಾಗಿ ಹೊರಗೆ ಹೋದರು. ಮೀನಿನ ಸಾರು ಮೇಜಿನ ಮೇಲೆ ಹಾಗೇ ಉಳಿಯಿತು.

ಶನಿವಾರಗಳು ಮತ್ತೆ ಬರಿದಾದವು. ನಾಲ್ಕು ವಾರ ಕಳೆದಿರಬೇಕು, ನಮ್ಮ ಬೀದಿಯಲ್ಲಿ ತರಕಾರಿ ಇಳಿಸುವವನು ಒಂದು ಸುದ್ದಿ ತಂದ. ಹಪ್ಪಳ ಈಗ ಎದುರುಗಡೆಯ 'ಶಾಪ್ಲಾ'ಕ್ಕೆ ಜನ ಕರೆತರುತ್ತಾನೆ. ಅದು ಗುಲ್ಜಾರ್ ಮಿಯಾನ ಹೋಟೆಲು, ಅಡುಗೆ ಅವನ ಹೆಂಡತಿ ಲುತ್ಫಾಳದು. ನಮಗೂ ಅವರಿಗೂ ಆರು ವರ್ಷದಿಂದ ಮಾತಿಲ್ಲ, ಆ ಕಡೆ ತಿರುಗಿ ನೋಡುವುದೂ ಇಲ್ಲ, ಮೆನು ಕದ್ದರು ಎಂಬ ಹಳೆಯ ಜಗಳ. ಹೋಗಲಿ, ಅವರ ಪಾಡು ಅವರಿಗೆ ಎಂದುಕೊಳ್ಳುವಷ್ಟರಲ್ಲಿ ತರಕಾರಿಯವನು, "ಅಲ್ಲ ಮಕದ್ದಸ್ ಭಾಯ್, ಆ ಲುತ್ಫಾ ಚರ್ಮದ ಜಾಕೆಟ್ ಯಾವಾಗ ಹೊಲೀತಿದ್ಲು?" ಎಂದು ಕೇಳಿದ.

ನನಗೆ ಮೈಯೆಲ್ಲ ಉರಿದುಹೋಯಿತು. ಈ ಸಲ ಮುಚ್ಚಿಡಲಿಲ್ಲ. ನೇರ ಅಡುಗೆಮನೆಗೆ ಹೋಗಿ ಹೇಳಿದೆ. ಆಫಾ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಶನಿವಾರ ಎಷ್ಟು ಹೊತ್ತಿಗೆ ಬರ್ತಾನೆ ಅಲ್ಲಿಗೆ?"

"ಒಂದೂವರೆಗಂತೆ."

"ಒಂದೂಕಾಲಿಗೆ ನಂಗೆ ನೆನಪು ಮಾಡು."

ಶನಿವಾರ ಒಂದೂಕಾಲಿಗೆ ಆಫಾ ಏಪ್ರನ್ ತೆಗೆದರು. ಈದ್‌ಗೆ ಮಗಳು ಕೊಡಿಸಿದ ಕಂದು ಬಣ್ಣದ ಕೋಟು, ತಲೆಗೆ ನೀಲಿ ದುಪಟ್ಟ. ನಾವಿಬ್ಬರೂ ರಸ್ತೆ ದಾಟಿದೆವು. ಗಲ್ಲಾದಲ್ಲಿದ್ದ ಗುಲ್ಜಾರ್ ನಮ್ಮನ್ನು ಕಂಡು ಎದ್ದು ನಿಂತ, ಮತ್ತೆ ಕೂತ, ಮತ್ತೆ ಎದ್ದ.

"ಗಿರಾಕಿ ಬಂದಿದೀವಿ ಗುಲ್ಜಾರ್," ಎಂದರು ಆಫಾ. "ಅನ್ನ, ಬೇಳೆ ಸಾರು. ಎರಡು."

ಮೂಲೆಯ ಮೇಜಿನಲ್ಲಿ ಕೂತೆವು. ಒಂದೂವರೆಗೆ ಸರಿಯಾಗಿ ಕ್ರಿಸ್ಪಿನ್ ತನ್ನ ಹನ್ನೆರಡು ಜನರೊಂದಿಗೆ ಒಳಗೆ ಬಂದ. ಒಂದು ಕುರ್ಚಿ ಕಡಿಮೆ ಬಿತ್ತು. ನಮ್ಮ ಮೇಜಿನ ಹತ್ತಿರ ಬಂದು, ಆಫಾನ ಮುಖ ನೋಡಿಕೊಂಡೇ, "ಕ್ಷಮಿಸಿ ಮೇಡಂ, ಈ ಕುರ್ಚಿ ತಗೊಳ್ಳಬಹುದಾ?" ಎಂದ.

"ತಗೊಳ್ಳಿ," ಎಂದರು ಆಫಾ.

ಅವನು ಕುರ್ಚಿ ಎತ್ತಿಕೊಂಡು ಹೋದ. ಗುರುತು ಹಿಡಿಯಲಿಲ್ಲ. ನಾನು ಅವನ ಬೆನ್ನನ್ನೇ ನೋಡುತ್ತಿದ್ದೆ. ಈಗ ತಿರುಗುತ್ತಾನೆ, ಈಗ ತಿರುಗುತ್ತಾನೆ ಎಂದು. ತಿರುಗಲಿಲ್ಲ. ಎರಡು ವರ್ಷ ಈ ಹೆಂಗಸಿನ ಕೈಯ ಊಟ ಉಂಡು, ಇವರ ಬದುಕನ್ನು ಊರಿಗೆಲ್ಲ ಬಡಿಸಿದವನು. ನನ್ನನ್ನೂ ಗುರುತಿಸಲಿಲ್ಲ, ಅದು ಬಿಡಿ, ಸಪ್ಲೈಯರನ ಮುಖ ಯಾರು ನೋಡುತ್ತಾರೆ. ಆಫಾ ಬೇಳೆ ಸಾರನ್ನು ಅನ್ನಕ್ಕೆ ಕಲಸುತ್ತಿದ್ದರು.

ಕ್ರಿಸ್ಪಿನ್ ಲುತ್ಫಾಳನ್ನು ಅಡುಗೆಮನೆಯಿಂದ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡ. ಮೂವತ್ತೆಂಟರ ಹೆಂಗಸು ಅವಳು. ನಮ್ಮ ಸೀಮೆಯದೇ ಮೌಲ್ವಿಬಜಾರಿನ ಹುಡುಗಿ, ಓದಲೆಂದು ಬಂದು ಗುಲ್ಜಾರನನ್ನು ಮದುವೆಯಾದವಳು. ಆಫಾನನ್ನು ಕಂಡು ಅವಳ ಮುಖ ಬಿಳಿಚಿತು. ಅವನು ನಿಲ್ಲಿಸಲಿಲ್ಲ. "ಎಂಬತ್ನಾಲ್ಕನೇ ಇಸವಿ. ಕಿಟಕಿ ಪಕ್ಕದ ಸೀಟು. ಹತ್ತೊಂಬತ್ತು ವರ್ಷದ ಒಬ್ಬ ಮದುವಣಗಿತ್ತಿ..." ಜಾಕೆಟ್ ಬಂತು, ಮಕ್ಕಳು ಬಂದರು, ಬಕೆಟ್ ಬಂತು. ಗಂಡ ಸತ್ತದ್ದೂ ಬಂತು. ಆಗ ಜನರ ನಡುವೆ ಕೂತಿದ್ದ ಒಬ್ಬ ಮುದುಕಿ ಕೈ ಎತ್ತಿದಳು. ನಾರ್ವೆಯವಳಂತೆ, ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವಳು ಎಂದು ಆಮೇಲೆ ತಿಳಿಯಿತು.

"ಕ್ಷಮಿಸಿ, ಇವರಿಗೆ ಈಗ ವಯಸ್ಸೆಷ್ಟು?"

ಎಲ್ಲರೂ ಲುತ್ಫಾಳ ಕಡೆ ನೋಡಿದರು. ಕ್ರಿಸ್ಪಿನ್ ನಕ್ಕ. "ನೋಡಿ, ಆ ಕಡೆ ಹಳ್ಳಿಗಳಲ್ಲಿ ಹುಟ್ಟಿದ ದಿನ, ಇಸವಿ ಇದನ್ನೆಲ್ಲ ಯಾರೂ ಬರೆದಿಡುತ್ತಿರಲಿಲ್ಲ."

"ಬರೆದಿಟ್ಟಿದೆ," ಎಂದು ಆಫಾ ಎದ್ದು ನಿಂತರು. "ಆ ಇಸವಿ ನಂದು. ನನ್ನ ಪಾಸ್‌ಪೋರ್ಟಲ್ಲಿದೆ."

ಕ್ರಿಸ್ಪಿನ್ ತಿರುಗಿದ. ಮುಖದಲ್ಲಿ ಮರ್ಯಾದೆಯ ನಗು. "ಕ್ಷಮಿಸಿ, ತಾವು ಯಾರು?"

ಆಫಾ ಬಾಯಿ ತೆರೆಯುವ ಮೊದಲೇ ಲುತ್ಫಾ ಅವನ ಪಕ್ಕದಿಂದ ಎರಡು ಹೆಜ್ಜೆ ದೂರ ಸರಿದಳು. "ಅವರು ರುಷ್ನಾ ಆಫಾ. ಎದುರುಗಡೆ ಹೋಟೆಲಿನವರು. ನೀವು ಹೇಳ್ತಿದೀರಲ್ಲ, ಆ ಕಥೆ ಅವರದು. ಎಂಬತ್ನಾಲ್ಕರಲ್ಲಿ ನಾನಿನ್ನೂ ಹುಟ್ಟೇ ಇರ್ಲಿಲ್ಲ. ಜಾಕೆಟ್ ಹೊಲ್ದಿಲ್ಲ. ನಾನು ಕಾಲೇಜಲ್ಲಿ ಕೆಮಿಸ್ಟ್ರಿ ಓದಿದೋಳು." ಆಮೇಲೆ ಗಲ್ಲಾದ ಕಡೆ ಕೈ ತೋರಿಸಿದಳು. "ನನ್ನ ಗಂಡನೂ ಸತ್ತಿಲ್ಲ. ನೋಡಿ, ಅಲ್ಲೇ ನಿಂತಿದಾನೆ, ಗುಂಡುಕಲ್ಲಿನ ಹಾಗೆ."

ಹನ್ನೆರಡು ತಲೆ ಒಟ್ಟಿಗೆ ಗುಲ್ಜಾರನ ಕಡೆ ತಿರುಗಿದವು. ಅವನು ಏನು ಮಾಡಬೇಕೆಂದು ತೋಚದೆ ಸಲಾಂ ಹೊಡೆದ.

ಯಾರೋ ಕಿಸಕ್ಕನೆ ನಕ್ಕರು. ಆಫಾ ನಗಲಿಲ್ಲ. ಕ್ರಿಸ್ಪಿನ್ನನ ಮುಂದೆ ಹೋಗಿ ನಿಂತರು.

"ಎರಡು ವರ್ಷ ನನ್ನ ಮನೇಲಿ ಉಂಡೆ. ಈಗ ತಾನೆ ನನ್ನ ಮುಖ ನೋಡಿ ಕುರ್ಚಿ ಕೇಳಿದೆ. ಗುರುತು ಸಿಗಲಿಲ್ಲ, ಅಲ್ವಾ?"

"ಅದು... ಕೋಟು ಹಾಕಿಕೊಂಡಿದ್ದೀರಿ..."

"ಹೌದು, ಕೋಟು ಹಾಕ್ಕೋತೀನಿ. ಬಸ್ಸು ಹತ್ತುತೀನಿ. ಓಟು ಹಾಕ್ತೀನಿ. ಏಪ್ರನ್ ಇಲ್ದಿದ್ರೆ ನಾನು ಯಾರೂ ಅಲ್ವಾ ನಿಂಗೆ? ಊಟದ ಬಗ್ಗೆ ಹೇಳು ಇವರಿಗೆ. ನೀನು ಕರ್ಕೊಂಬಂದಿದ್ದು ಊಟಕ್ಕಲ್ವಾ? ಹೇಳು ನೋಡೋಣ, ಈ ತಟ್ಟೇಲಿರೋದು ಯಾವ ಮೀನು?"

ಅವನು ತಟ್ಟೆ ನೋಡಿದ. "ಇದು... ನದಿ ಮೀನು."

"ಹೆಸರು?"

ಅವನಿಗೆ ಗೊತ್ತಿರಲಿಲ್ಲ. ಆ ಕ್ಷಣದಲ್ಲಿ ನನಗೆ ಅವನ ಸುಳ್ಳಿಗಿಂತ ಅದೇ ಹೆಚ್ಚು ಸಿಟ್ಟು ತರಿಸಿತು. ಒಳ್ಳೆಯ ಹೋಟೆಲು ಹುಡುಕಿಕೊಡುತ್ತೇನೆ ಎಂದು ಊರೆಲ್ಲ ಸುತ್ತಿಸುವವನಿಗೆ ತಟ್ಟೆಯಲ್ಲಿರುವ ಮೀನಿನ ಹೆಸರು ಗೊತ್ತಿಲ್ಲ! ಕ್ರಿಸ್ಪಿನ್ ಗಡಿಯಾರ ನೋಡಿಕೊಂಡು, "ಸಿಹಿ ಅಂಗಡಿಯವರು ಕಾಯುತ್ತಿರುತ್ತಾರೆ, ಹೊರಡೋಣ," ಎಂದ. ಒಂಬತ್ತು ಜನ ಎದ್ದು ಅವನ ಹಿಂದೆ ಹೋದರು. ಮೂವರು ಉಳಿದರು. ನಾರ್ವೆಯ ಮುದುಕಿ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, "ಯಾವ ಮೀನು ಅಂತ ನೀವಾದರೂ ಹೇಳಿ," ಎಂದಳು.

"ರುಯಿ," ಎಂದಳು ಲುತ್ಫಾ.

ಆಫಾ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡರು. ಅಗಿದರು. "ಹಾತ್ಕರಾ ಬೇಗ ಹಾಕಿದೀಯ. ಕಹಿ ಬಂದಿದೆ."

"ಗೊತ್ತು ಆಫಾ. ಯಾವಾಗ ಹಾಕ್ಬೇಕೋ ಗೊತ್ತಾಗಲ್ಲ."

"ಅದಿರ್ಲಿ. ಅವನು ಹೇಳ್ತಿದ್ರೆ ಸುಮ್ನೆ ತಲೆ ಆಡಿಸ್ಕೊಂಡು ಯಾಕೆ ನಿಂತಿದ್ದೆ?"

ಲುತ್ಫಾ ಗಂಡನ ಕಡೆ ಒಂದು ನೋಟ ಎಸೆದಳು. "ಇವನು ಆಡಿಸು ಅಂದ, ಆಡಿಸ್ದೆ. ಮೊದಲನೇ ವಾರ ನಗು ಬಂತು. ಎರಡನೇ ವಾರ ಇವನನ್ನ ಸಾಯಿಸ್ದಾಗ ಅಳು ಬಂತು. ನನ್ನದೇನು ಅಂತ ಅವನು ಒಂದಿನಾನೂ ಕೇಳ್ಲಿಲ್ಲ ಆಫಾ."

ಆಫಾ ಸಮಾಧಾನದ ಮಾತು ಆಡಲಿಲ್ಲ. "ನೀನೂ ಹೇಳ್ಲಿಲ್ಲ," ಎಂದರು ಅಷ್ಟೆ. ಉಂಡ ತಟ್ಟೆಯನ್ನು ತಾವೇ ಎತ್ತಿ ಅಡುಗೆಮನೆಯಲ್ಲಿಟ್ಟು ಬಂದರು. ಮುಂದಿನ ವಾರ ಲುತ್ಫಾ ನಮ್ಮ ಹಿಂಬಾಗಿಲಿಗೆ ಬಂದು ಹಾತ್ಕರಾ ಹಾಕುವ ಹದ ನೋಡಿಕೊಂಡು ಹೋದಳು. ಗುಲ್ಜಾರ್ ಇವತ್ತಿಗೂ ನಮ್ಮ ಕಡೆ ನೋಡುವುದಿಲ್ಲ. ಬೀದಿಯ ಜನ ಅವನನ್ನು ಕಂಡಾಗಲೆಲ್ಲ, "ಏನು ಮಿಯಾ, ಕಬರಸ್ತಾನದಿಂದ ಯಾವಾಗ ಬಂದ್ರಿ?" ಎನ್ನುತ್ತಾರಲ್ಲ, ಅದಕ್ಕೆ.

ಆಫಾ ಬೋರ್ಡು ಬರೆಯುವವನನ್ನು ಕರೆಸಿ 'ಇಂಡಿಯನ್ ಊಟ' ಅಳಿಸಿ, 'ಸಿಲೆಟ್ ಊಟ' ಎಂದು ಬರೆಸಿದರು. ಬೇಡ ಎಂದು ನಾವೆಲ್ಲ ಹೇಳಿದೆವು. ನಾವು ಹೆದರಿದಂತೆಯೇ ಆಯಿತು. ಬಾಗಿಲವರೆಗೆ ಬಂದು ಓದಿ ಹಿಂದಕ್ಕೆ ಹೋದವರನ್ನು ನಾನು ಕಣ್ಣಾರೆ ಕಂಡೆ. ಕ್ರಿಸ್ಪಿನ್ ಇಂಟರ್ನೆಟ್ಟಿನಲ್ಲಿ 'ಲಂಡನ್ನಿನ ಹನ್ನೆರಡು ಶ್ರೇಷ್ಠ ಇಂಡಿಯನ್ ಹೋಟೆಲುಗಳು' ಎಂಬ ಪಟ್ಟಿ ಹಾಕಿದ. ನಮ್ಮ ಬೀದಿಯ ಒಂದೂ ಅದರಲ್ಲಿಲ್ಲ. 'ಅಲ್ಲಿ ಈಗ ಮೊದಲಿನ ಆತ್ಮೀಯತೆ ಉಳಿದಿಲ್ಲ' ಎಂದು ಬೇರೆ ಬರೆದಿದ್ದ. ಅದನ್ನು ಓದಿ ಆಫಾ, "ಸದ್ಯ, ಒಂದು ನಿಜ ಬರ್ದ," ಎಂದರು.

ಅವನು ಈಗ ನದಿಯಾಚೆ ಕ್ಲ್ಯಾಪಂ ಕಡೆ ಜನ ಸುತ್ತಿಸುತ್ತಾನೆ ಎಂದು ಕೇಳಿ, ಅಲ್ಲಿ ಹೋಟೆಲು ನಡೆಸುವ ನನ್ನ ಸೋದರತ್ತೆಯ ಮಗ ಅನ್ಸರನಿಗೆ ಫೋನು ಮಾಡಿದೆ. ಎಚ್ಚರಿಕೆ ಕೊಡೋಣ ಎಂದು.

"ಬಂದಿದ್ದ, ಬಂದಿದ್ದ," ಎಂದ ಅನ್ಸರ್ ಖುಷಿಯಿಂದ. "ಒಳ್ಳೆ ಮನುಷ್ಯ ಕಣೋ. ನಮ್ಮ ತಾತ ಹಡಗಲ್ಲಿ ಕಲ್ಲಿದ್ದಲು ತಳ್ತಿದ್ದೋನು, ಲಂಡನ್ ಬಂದರಲ್ಲಿ ನೀರಿಗೆ ಹಾರಿ ಈಜಿ ದಡ ಸೇರಿ ಹೋಟೆಲ್ ಇಟ್ಟ ಅಂತ ಹೇಳ್ತಾನೆ. ಕೇಳೋಕೆ ಎಷ್ಟು ಚೆನ್ನಾಗಿದೆ ಗೊತ್ತಾ!"

"ಲೋ, ನಿಮ್ಮ ತಾತ ಪೋಸ್ಟ್‌ಮನ್. ಸೈಕಲ್ ತುಳೀತಿದ್ರು. ಈಜೋಕೂ ಬರ್ತಿರ್ಲಿಲ್ಲ."

"ಅದನ್ನ ಯಾರು ಕೇಳ್ತಾರೋ ಮಕದ್ದಸ್? ಪೋಸ್ಟ್‌ಮನ್ ಮೊಮ್ಮಗನ ಹತ್ರ ಯಾರು ಊಟಕ್ಕೆ ಬರ್ತಾರೆ?"

ಆ ತಾತ ಮಳೆಗಾಲದ ಕೆಸರಿನಲ್ಲಿ ಸೈಕಲ್ ಹೆಗಲ ಮೇಲೆ ಹೊತ್ತು, ದುಬೈ, ಲಂಡನ್ನುಗಳಿಂದ ಬಂದ ಕಾಗದಗಳನ್ನು ಮನೆ ಮನೆಗೆ ಮುಟ್ಟಿಸುತ್ತಿದ್ದವರು. ಓದಲು ಬಾರದ ಹೆಂಗಸರಿಗೆ ಜಗಲಿಯಲ್ಲಿ ಕೂತು ಓದಿ ಹೇಳುತ್ತಿದ್ದರು. ನಮ್ಮ ಅಮ್ಮನಿಗೂ ಓದಿ ಹೇಳಿದ್ದಾರೆ. ಫೋನು ಇಟ್ಟುಬಿಟ್ಟೆ.

ಅಡುಗೆಮನೆಗೆ ಹೋಗಿ ಆಫಾಗೆ ಎಲ್ಲ ಹೇಳಿದೆ. ಅವರು ಒಲೆಯ ಉರಿ ತಗ್ಗಿಸಿ, ಕೈ ಒರೆಸಿಕೊಂಡರು.

"ಅನ್ಸರನ ನಂಬರ್ ಹೇಳು."

ಹೇಳಿದೆ.